ಹತ್ತು ಹೆಜ್ಜೆ ದೂರದಿಂದ

ಪ್ರಶ್ನೆ: ನಮ್ಮಣ್ಣ ಸೇನೆಯಿಂದ ನಿವೃತ್ತನಾಗಿ ಬಂದಿದ್ದಾನೆ. ಇನ್ನು ಮುಂದೆ ಜಾಹೀರಾತಿಗೆ, ಪುಸ್ತಕಕ್ಕೆ ಚಿತ್ರ ಬರೆದು ಬದುಕುತ್ತೇನೆ ಅನ್ನುತ್ತಾನೆ. ಯುದ್ಧ ಕಂಡವರು ಕಮರ್ಷಿಯಲ್ ಆರ್ಟಿಸ್ಟ್ ಆದದ್ದು ಉಂಟಾ? ಬಂದೂಕು ಹಿಡಿದ ಕೈಗೆ ಬ್ರಷ್ ಒಗ್ಗುತ್ತಾ?

ಉತ್ತರ: ಬೇಕಾದಷ್ಟು ಜನ ಇದ್ದಾರೆ. ನನಗೆ ಇಷ್ಟವಾದವರು ಅಮೆರಿಕದ ಆರ್ಥರ್ ಶಿಲ್‌ಸ್ಟೋನ್. ಎರಡನೇ ಮಹಾಯುದ್ಧದಲ್ಲಿ ಅವರಿದ್ದ ದಳವನ್ನು ಈಗ ‘ಘೋಸ್ಟ್ ಆರ್ಮಿ’ ಅಂತಾರೆ. ಸುಮಾರು 1,100 ಜನ. ಆರ್ಟ್ ಸ್ಕೂಲಿನ ಹುಡುಗರು, ಜಾಹೀರಾತು ಕಂಪನಿಯಲ್ಲಿದ್ದವರು ಅದರಲ್ಲಿ ತುಂಬಾ ಇದ್ದರು. ಇಲ್ಲದ ಸೈನ್ಯ ಇದೆ ಅಂತ ಜರ್ಮನ್ನರನ್ನು ನಂಬಿಸುವುದೇ ಇವರ ಕೆಲಸ.

ರಾತ್ರಿ ಕತ್ತಲಲ್ಲಿ ರಬ್ಬರ್ ಟ್ಯಾಂಕಿಗೆ ಗಾಳಿ ತುಂಬಿ ನಿಲ್ಲಿಸಬೇಕು. ಬೆಳಗಾಗುವಷ್ಟರಲ್ಲಿ ಗಾಳಿ ಇಳಿದು ಫಿರಂಗಿಯ ಮೂತಿ ಜೋತುಬಿದ್ದರೆ ಕಥೆ ಮುಗೀತು. ಟ್ಯಾಂಕ್ ಬಂದ ಜಾಡು ಕಾಣಲಿ ಅಂತ ನೆಲದ ಮೇಲೆ ಬುಲ್ಡೋಜರ್ ಓಡಿಸುತ್ತಿದ್ದರು. ಮೇಲೆ ಬಲೆ ಹೊದಿಸುತ್ತಿದ್ದರು, ಆದರೆ ಪೂರ್ತಿ ಅಲ್ಲ. ಯಾರೋ ಸರಿಯಾಗಿ ಮುಚ್ಚದೆ ಹೋದ ಹಾಗೆ ಒಂದಿಷ್ಟು ಬಿಡಬೇಕು. ಮೇಲೆ ಹಾರುವ ವಿಮಾನದವನ ಕಣ್ಣಿಗೆ ಅದು ಬೀಳಬೇಕಲ್ವಾ?

ಒಮ್ಮೆ ಕಾವಲು ತಪ್ಪಿಸಿಕೊಂಡು ಇಬ್ಬರು ಫ್ರೆಂಚರು ಸೈಕಲ್ಲಿನಲ್ಲಿ ಒಳಗೆ ಬಂದುಬಿಟ್ಟರು. ನಾಲ್ಕು ಜನ ಸಿಪಾಯಿಗಳು ಒಂದು ಶೆರ್ಮನ್ ಟ್ಯಾಂಕನ್ನು ಎತ್ತಿ ತಿರುಗಿಸುತ್ತಿದ್ದಾರೆ! ಇಬ್ಬರೂ ಬಾಯಿ ಬಿಟ್ಟುಕೊಂಡು ಶಿಲ್‌ಸ್ಟೋನ್ ಮುಖ ನೋಡಿದರು. ಅಮೆರಿಕದವರಿಗೆ ಶಕ್ತಿ ಬಹಳ ಅಂತ ಹೇಳಿ ಸಾಗಹಾಕಿದೆ ಅಂತ ಅವರು ಮುದುಕರಾದ ಮೇಲೂ ನಗುತ್ತಾ ಹೇಳುತ್ತಿದ್ದರು. ಗುಟ್ಟು ಕಾಯಬೇಕಿತ್ತು, 1990ರ ದಶಕದವರೆಗೂ ಇವರ ಕೆಲಸ ರಹಸ್ಯವಾಗಿಯೇ ಇತ್ತು. ಯುದ್ಧದ ನಂತರ ಶಿಲ್‌ಸ್ಟೋನ್ ‘ಲೈಫ್’, ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಗಳಿಗೆ ಚಿತ್ರ ಬರೆದರು. ನಾಸಾಕ್ಕೂ ಬರೆದರು.

ಆ ಬಲೆಯ ಸಂಗತಿ ಓದಿದಾಗ ನನಗೆ ನನ್ನ ಮೊದಲ ಹೋರ್ಡಿಂಗ್ ನೆನಪಾಯಿತು. ಹುಡುಗಿಯ ರೆಪ್ಪೆಯ ಒಂದೊಂದು ಕೂದಲನ್ನೂ ಬರೆದಿದ್ದೆ, ಮೂರು ರಾತ್ರಿ ಕೂತು. ರಸ್ತೆಯಿಂದ ನೋಡಿದರೆ ಕಣ್ಣಿಗೆ ಯಾರೋ ಗುದ್ದಿದ ಹಾಗಿತ್ತು. ಪಾರ್ಟಿ ದುಡ್ಡು ಕೊಡಲಿಲ್ಲ. ನೋಡುವವನು ಎಲ್ಲಿ ನಿಂತಿದ್ದಾನೆ, ಎಷ್ಟು ಹೊತ್ತು ನೋಡುತ್ತಾನೆ ಅನ್ನೋದೇ ಈ ಕಸುಬಿನ ಅರ್ಧ. ನನಗೆ ಅದು ತಿಳಿಯಲು ವರ್ಷಗಳು ಬೇಕಾದವು. ಶತ್ರು ಎಲ್ಲಿಂದ ನೋಡುತ್ತಾನೆ ಅಂತ ಲೆಕ್ಕ ಹಾಕಿ ಬದುಕಿದ ನಿಮ್ಮಣ್ಣನಿಗೆ ಅದು ಆಗಲೇ ಗೊತ್ತು.

ಆದರೆ ಸುಮ್ನೆ ಕೂತರೆ ಕೈ ಬರುವುದಿಲ್ಲ, ಕಲಿಯಬೇಕು. ಅಮೆರಿಕದಲ್ಲಿ 1944ರ ‘ಜಿಐ ಬಿಲ್’ ಅನ್ನೋ ಕಾನೂನು ಮಾಜಿ ಸೈನಿಕರಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಫೀಸು ಕಟ್ಟಿತು, ಮೇಲೆ ತಿಂಗಳ ಖರ್ಚಿಗೂ ಕೊಟ್ಟಿತು. 1947ರಲ್ಲಿ ನ್ಯೂಯಾರ್ಕಿನಲ್ಲಿ ವ್ಯಂಗ್ಯಚಿತ್ರ, ಇಲಸ್ಟ್ರೇಷನ್ ಕಲಿಸುವ ಒಂದು ಶಾಲೆ ಶುರುವಾಯಿತು. ಮೂವರು ಮೇಷ್ಟ್ರು, 35 ವಿದ್ಯಾರ್ಥಿಗಳು. ಹೆಚ್ಚಿನವರು ಯುದ್ಧದಿಂದ ಬಂದವರೇ. ಈಗಿನ ‘ಸ್ಕೂಲ್ ಆಫ್ ವಿಷುವಲ್ ಆರ್ಟ್ಸ್’ ಅದೇ.

ಪ್ರಶ್ನೆ: (ಅದೇ ಓದುಗರು) ಆರ್ಡರಿಗೆ ಬರೆಯುವವರನ್ನು ಕಲಾವಿದರು ಅನ್ನಬಹುದಾ? ಅಣ್ಣನಿಗೆ ಈ ಕೊರಗೂ ಇದೆ.

ಉತ್ತರ: ಅದೇ ದಳದಲ್ಲಿದ್ದ ಆರ್ಥರ್ ಸಿಂಗರ್ ಹಕ್ಕಿಗಳನ್ನು ಬರೆದರು. 1982ರಲ್ಲಿ ಅಮೆರಿಕದ ಅಂಚೆ ಇಲಾಖೆ 50 ರಾಜ್ಯಗಳ ಹಕ್ಕಿ, ಹೂವಿನ ಅಂಚೆಚೀಟಿ ತಂದಾಗ ಹಕ್ಕಿ ಅವರದು, ಹೂವು ಅವರ ಮಗನದು. ಪಕ್ಕಾ ಆರ್ಡರಿನ ಕೆಲಸ. ಒಂದು ಸಲ ಆ ಹಕ್ಕಿಗಳನ್ನು ಅಣ್ಣನಿಗೆ ತೋರಿಸಿ. ಆಮೇಲೆ ಅವನೇ ಬರೆದ ಮೂರು ಚಿತ್ರ ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ನೀವಿಬ್ಬರೂ ನೋಡಿ. ಏನು ಅಂತ ತಕ್ಷಣ ಗೊತ್ತಾಗದ್ದನ್ನು ಕಿತ್ತು ಮತ್ತೆ ಬರೆಯಲಿ. ಉಳಿದದ್ದನ್ನು ನನಗೆ ಕಳಿಸಿ.