ಮಕ್ಕಳ ಆನ್‌ಲೈನ್ ಶೋಷಣೆ ತಡೆಯುವುದು ಪೊಲೀಸರ ಕೆಲಸ ಅಲ್ವಾ? ಸ್ವಯಂಸೇವಾ ಸಂಸ್ಥೆಗಳಿಗೆ ಅಲ್ಲೇನು ಕೆಲಸ?

ಮಕ್ಕಳ ರಕ್ಷಣೆಗೆ ದುಡಿಯುವ ಒಂದು ಟ್ರಸ್ಟ್‌ನವರು ನಿಮ್ಮ ಹತ್ತಿರ ದೇಣಿಗೆ ಕೇಳಿದ್ದಾರೆ ಎಂದು ಬರೆದಿದ್ದೀರಿ. ಆನ್‌ಲೈನ್‌ನಲ್ಲಿ ಮಕ್ಕಳನ್ನು ಶೋಷಿಸುವವರನ್ನು ಹಿಡಿಯಬೇಕಾದವರು ಪೊಲೀಸರು, ನಡುವೆ ಇವರು ಯಾಕೆ ಅನ್ನುವುದು ನಿಮ್ಮ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಾನು ಒಂಬತ್ತು ವರ್ಷ ಒಂದು ಮಕ್ಕಳ ಸಹಾಯವಾಣಿಯಲ್ಲಿ ಕರೆ ತೆಗೆದುಕೊಳ್ಳುವ ಕೆಲಸ ಮಾಡಿದ್ದೇನೆ. ಕಂಡಿದ್ದನ್ನು, ಕಲಿತಿದ್ದನ್ನು ಹೇಳುತ್ತೇನೆ.

ತೊಂದರೆಗೆ ಸಿಕ್ಕ ಮಗು ತಾನಾಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು ತೀರಾ ಅಪರೂಪ. ಅಪ್ಪ ಅಮ್ಮನಿಗೆ ಹೇಳುವುದಕ್ಕೇ ಅದಕ್ಕೆ ಧೈರ್ಯ ಬರುವುದಿಲ್ಲ. ಯಾಕೆಂದರೆ ಆ ಮಗುವಿನ ಮನಸ್ಸಿನಲ್ಲಿ ತಪ್ಪು ಮಾಡಿದ್ದು ತಾನೇ. ಆಟದ ಆ್ಯಪ್‌ನಲ್ಲೋ ಚಾಟ್‌ನಲ್ಲೋ ತನ್ನದೇ ವಯಸ್ಸಿನವರ ಹಾಗೆ ಕಾಣುವ ಒಂದು ಪ್ರೊಫೈಲ್ ಪರಿಚಯವಾಗುತ್ತದೆ. ಎರಡು ದಿನ ಸಿಹಿಮಾತು. ಆಮೇಲೆ ಆ ಕಡೆಯಿಂದ ಒಂದು ಫೋಟೋ, ಈ ಕಡೆಯಿಂದ ಒಂದು ಫೋಟೋ. ಕಳಿಸಿದ ಐದೇ ನಿಮಿಷಕ್ಕೆ ವರಸೆ ಬದಲಾಗುತ್ತದೆ. "ದುಡ್ಡು ಹಾಕು, ಇಲ್ಲಾಂದ್ರೆ ನಿನ್ನ ಕ್ಲಾಸಿನವರಿಗೆಲ್ಲ ಕಳಿಸ್ತೀನಿ." ಹುಡುಗಿಯರ ಹತ್ತಿರ ಹೆಚ್ಚಾಗಿ ಇನ್ನಷ್ಟು ಫೋಟೋ ಕೇಳುತ್ತಾರೆ, ಹದಿಹರೆಯದ ಹುಡುಗರ ಹತ್ತಿರ ಹೆಚ್ಚಾಗಿ ದುಡ್ಡು. ಈಗಂತೂ ಮಗು ಏನನ್ನೂ ಕಳಿಸದಿದ್ದರೂ ಅದರ ಮಾಮೂಲಿ ಫೋಟೋದಿಂದಲೇ ನಗ್ನ ಚಿತ್ರ ತಯಾರಿಸಿ ಹೆದರಿಸುತ್ತಾರೆ.

ಅಂಥ ಮಗು ಫೋನ್ ಮಾಡಿದರೆ ಮೊದಲ ಎರಡು ಮೂರು ನಿಮಿಷ ಮಾತೇ ಇರುವುದಿಲ್ಲ. ಉಸಿರಾಟ ಕೇಳಿಸುತ್ತದೆ. ಕೆಲವರು ಇಟ್ಟುಬಿಟ್ಟು ಮತ್ತೆ ಮಾಡುತ್ತಾರೆ. ಬಾಯಿ ಬಿಟ್ಟಾಗ ಬರುವ ಮೊದಲ ಮಾತು ಹೆಚ್ಚು ಕಡಿಮೆ ಒಂದೇ: "ಅಕ್ಕಾ, ಅಮ್ಮನಿಗೆ ಹೇಳ್ತೀರಾ?" ಈ ಪ್ರಶ್ನೆಗೆ ಸುಳ್ಳು ಹೇಳಬಾರದು. ನಾವು ಹೇಳುತ್ತಿದ್ದದ್ದು ಇಷ್ಟೇ: "ನೀನು ಹೇಳಿದ್ದು ನಮ್ಮಲ್ಲೇ ಇರುತ್ತೆ ಪುಟ್ಟ. ಆದರೆ ನಿನ್ನ ಜೀವಕ್ಕೋ ಮೈಗೋ ಅಪಾಯ ಇದೆ ಅಂತ ಅನ್ನಿಸಿದರೆ ಬೇರೆಯವರ ಸಹಾಯ ಕೇಳಲೇಬೇಕಾಗುತ್ತೆ. ಕೇಳುವ ಮೊದಲು ನಿನಗೆ ಹೇಳ್ತೀನಿ." ಈ ಮಾತು ಕೇಳಿಯೂ ಮಗು ಫೋನ್ ಇಡದೆ ನಿಂತರೆ ಅರ್ಧ ಕೆಲಸ ಆದ ಹಾಗೆ. ಪೊಲೀಸರಿಗೆ ಈ ಮಾತು ಕೊಡಲು ಬರುವುದಿಲ್ಲ. ಅಪರಾಧದ ಸುದ್ದಿ ಕಿವಿಗೆ ಬಿದ್ದರೆ ಅವರು ಸುಮ್ನೆ ಕೂರುವಂತಿಲ್ಲ. ಅದು ಅವರ ದೋಷ ಅಲ್ಲ, ಅವರ ಕೆಲಸದ ರೀತಿಯೇ ಹಾಗೆ. ಅದಕ್ಕೇ ಮಗುವಿಗೂ ಪೊಲೀಸರಿಗೂ ನಡುವೆ ಇನ್ನೊಂದು ಬಾಗಿಲು ಬೇಕು.

ಆಮೇಲೆ ಮಗುವಿಗೆ ಹೇಳಬೇಕಾದದ್ದು ತುಂಬಾ ಇಲ್ಲ. ದುಡ್ಡು ಹಾಕಬೇಡ, ಒಮ್ಮೆ ಹಾಕಿದರೆ ಮತ್ತೆ ಕೇಳುತ್ತಾರೆ. ಉತ್ತರ ಕೊಡುವುದನ್ನು ನಿಲ್ಲಿಸು. ಆದರೆ ಚಾಟ್ ಅಳಿಸಬೇಡ. ಪ್ರೊಫೈಲಿನ ಹೆಸರು, ಲಿಂಕ್, ದುಡ್ಡು ಹಾಕು ಎಂದು ಕೊಟ್ಟ ಖಾತೆಯ ವಿವರ, ಬೆದರಿಕೆಯ ಮಾತುಗಳು, ಇವುಗಳ ಸ್ಕ್ರೀನ್‌ಶಾಟ್ ಇಟ್ಟುಕೊ. ಆ ಫೋಟೋವನ್ನು ಮಾತ್ರ ಯಾರಿಗೂ ಕಳಿಸಬೇಡ, ನಮಗೂ ಬೇಡ.

ಫೋಟೋ ಕಳಿಸದೆಯೇ ಅದನ್ನು ತಡೆಯುವುದು ಹೇಗೆ ಎಂದು ನಿಮಗೆ ಅನ್ನಿಸಬಹುದು. ಇದಕ್ಕೆ ಒಂದು ಒಳ್ಳೆಯ ದಾರಿ ಇದೆ. ಪ್ರತಿ ಡಿಜಿಟಲ್ ಫೋಟೋದಿಂದಲೂ ಬೆರಳಚ್ಚಿನಂಥ ಒಂದು ಗುರುತು ತೆಗೆಯಬಹುದು. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಬೆರಳಚ್ಚು ನೋಡಿ ಮುಖ ಬಿಡಿಸಲು ಆಗುವುದಿಲ್ಲವಲ್ಲ, ಹಾಗೆಯೇ ಹ್ಯಾಶ್ ನೋಡಿದವರಿಗೆ ಫೋಟೋ ಕಾಣುವುದಿಲ್ಲ. ಅಮೆರಿಕದಲ್ಲಿ 1984ರಲ್ಲಿ ಶುರುವಾದ ನ್ಯಾಷನಲ್ ಸೆಂಟರ್ ಫಾರ್ ಮಿಸ್ಸಿಂಗ್ ಅಂಡ್ ಎಕ್ಸ್‌ಪ್ಲಾಯ್ಟೆಡ್ ಚಿಲ್ಡ್ರನ್ ಎಂಬ ಲಾಭರಹಿತ ಸಂಸ್ಥೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ನಡೆಸುತ್ತದೆ. 18 ವರ್ಷ ತುಂಬುವ ಮೊದಲು ತೆಗೆದ ಚಿತ್ರಕ್ಕೆ ಮಗು ತನ್ನ ಫೋನ್‌ನಲ್ಲೇ ಹ್ಯಾಶ್ ತಯಾರಿಸಿ ಕೊಡಬಹುದು. ಫೋಟೋ ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಹೆಸರನ್ನೂ ಕೇಳುವುದಿಲ್ಲ. ಈ ಸೇವೆಗೆ ಕೈಜೋಡಿಸಿದ ಜಾಲತಾಣಗಳು ಆ ಹ್ಯಾಶ್‌ಗೆ ಹೊಂದುವ ಚಿತ್ರ ಕಂಡರೆ ತೆಗೆದುಹಾಕುತ್ತವೆ. ಬ್ರಿಟನ್ನಿನಲ್ಲಿ ಚೈಲ್ಡ್‌ಲೈನ್ ಎಂಬ ಮಕ್ಕಳ ಸಹಾಯವಾಣಿ ಮತ್ತು ಇಂಟರ್ನೆಟ್ ವಾಚ್ ಫೌಂಡೇಶನ್ ಸೇರಿ 2021ರಲ್ಲಿ ಇದೇ ಉದ್ದೇಶದ 'ರಿಪೋರ್ಟ್ ರಿಮೂವ್' ಸೇವೆ ಶುರು ಮಾಡಿದವು. ಇದನ್ನು ವಿವರಿಸಿ ಹೇಳಿದಾಗ ಮಕ್ಕಳ ದನಿ ಬದಲಾಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಇನ್ನೇನೂ ಮಾಡಲು ಸಾಧ್ಯವಿಲ್ಲ ಎಂದುಕೊಂಡಿದ್ದವರಿಗೆ ತಮ್ಮ ಕೈಯಲ್ಲೇ ಒಂದು ಕೆಲಸ ಸಿಗುತ್ತದೆ.

ಇನ್ನು ಪೊಲೀಸರ ಜೊತೆಗಿನ ಸಹಕಾರದ ಮಾತು. ನಿಜವಾದ ಕಷ್ಟ ಇರುವುದು ಇಲ್ಲೇ.

ನಮಗೆ ಚಿತ್ರ ಈ ಕ್ಷಣವೇ ಹೋಗಬೇಕು. ಪೊಲೀಸರಿಗೆ ಅದನ್ನು ಹಾಕಿದವನು ಯಾರು ಎಂಬ ಗುರುತು ಉಳಿಯಬೇಕು. ಎರಡೂ ಸರಿಯೇ. ಆದರೆ ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಮಗುವಿನ ಅಳು ಕೇಳಲಾಗದೆ, ಬೆದರಿಸುತ್ತಿದ್ದ ಖಾತೆಯನ್ನು ಆ ಜಾಲತಾಣಕ್ಕೆ ನೇರವಾಗಿ ವರದಿ ಮಾಡಿ ಮುಚ್ಚಿಸಿದೆ. ಪೊಲೀಸರಿಗೆ ತಿಳಿಸಿದ್ದು ಮೂರು ವಾರದ ನಂತರ. ಅಷ್ಟರಲ್ಲಿ ಲಾಗಿನ್ ವಿವರ, ಅವನು ಯಾವ ಇಂಟರ್ನೆಟ್ ಸಂಪರ್ಕದಿಂದ ಬಂದ ಎಂದು ತೋರಿಸುವ ಐಪಿ ವಿಳಾಸ ಯಾವುದೂ ಉಳಿದಿರಲಿಲ್ಲ. ಆ ಪ್ರಕರಣ ಅಲ್ಲಿಗೇ ನಿಂತಿತು. ಅವನು ಬೇರೆ ಹೆಸರಿನಲ್ಲಿ ಇನ್ನೆಷ್ಟು ಮಕ್ಕಳ ಹಿಂದೆ ಬಿದ್ದನೋ ಎಂಬ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆಮೇಲೆ ನಾವು ಒಂದು ಕ್ರಮ ಮಾಡಿಕೊಂಡೆವು. ವಿವರ ಮೊದಲು ಪೊಲೀಸರಿಗೆ, ದಾಖಲೆ ಉಳಿಸಿಡಿ ಎಂದು ಅವರಿಂದ ಕಂಪನಿಗೆ ಸೂಚನೆ, ಕೂಡಲೇ ತೆಗೆಸುವುದು. ಎರಡು ಕಡೆಯೂ ಒಬ್ಬೊಬ್ಬರು ಇದಕ್ಕೇ ಗೊತ್ತಾದ ವ್ಯಕ್ತಿ ಇದ್ದರೆ ಇದು ಗಂಟೆಗಳಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಕಾಗದ ತಿರುಗುತ್ತಲೇ ಇರುತ್ತದೆ. ಸಾಕ್ಷ್ಯ ಬೇಗ ಕಳೆದುಹೋಗುವುದು ಎಲ್ಲ ಕಡೆಯ ಸಮಸ್ಯೆ. ಅಮೆರಿಕದಲ್ಲಿ ಕಂಪನಿಗಳು ವರದಿ ಮಾಡಿದ ವಿವರವನ್ನು 90 ದಿನ ಉಳಿಸಿಡಬೇಕು ಎಂದಿದ್ದ ಕಾನೂನನ್ನು 2024ರಲ್ಲಿ ಒಂದು ವರ್ಷಕ್ಕೆ ಏರಿಸಿದ್ದು ಇದಕ್ಕೇ.

ತಪ್ಪು ಪೊಲೀಸರ ಕಡೆಯಿಂದಲೂ ಆಗಿದೆ. ಒಬ್ಬ ಹುಡುಗಿ ತನಗಾದದ್ದನ್ನು ನಾಲ್ಕು ಸಲ, ನಾಲ್ಕು ಬೇರೆ ಬೇರೆ ಅಧಿಕಾರಿಗಳ ಮುಂದೆ ಹೇಳಬೇಕಾಯಿತು. ಐದನೇ ಸಲ ಕರೆದಾಗ ಅವಳು ಬರಲಿಲ್ಲ. ಐಸ್‌ಲ್ಯಾಂಡಿನಲ್ಲಿ 1998ರಲ್ಲಿ ಇದಕ್ಕೊಂದು ಪರಿಹಾರ ಹುಡುಕಿದರು. ಅದರ ಹೆಸರು ಬಾರ್ನಾಹೂಸ್, ಅಂದರೆ ಮಕ್ಕಳ ಮನೆ. ನೋಡಲು ಮನೆಯ ಹಾಗೇ ಇರುತ್ತದೆ. ತರಬೇತಿ ಪಡೆದ ಒಬ್ಬರು ಮಾತ್ರ ಮಗುವಿನ ಜೊತೆ ಕೂತು ಮಾತಾಡುತ್ತಾರೆ. ಪೊಲೀಸರು, ವಕೀಲರು, ಮಕ್ಕಳ ಕಲ್ಯಾಣದವರು ಪಕ್ಕದ ಕೋಣೆಯಲ್ಲಿ ಪರದೆಯ ಮೇಲೆ ನೋಡುತ್ತಾರೆ. ಮಾತು ರೆಕಾರ್ಡ್ ಆಗುತ್ತದೆ, ನ್ಯಾಯಾಲಯದಲ್ಲಿ ಅದೇ ಸಾಕ್ಷ್ಯವಾಗಿ ನಡೆಯುತ್ತದೆ. ಮಗು ಅದೇ ಕತೆಯನ್ನು ಮತ್ತೆ ಮತ್ತೆ ಹೇಳಬೇಕಿಲ್ಲ. ಚಿಕಿತ್ಸೆಯೂ ಅದೇ ಸೂರಿನಡಿ. ಇದನ್ನು ನೋಡಿ ಯುರೋಪಿನ ಹಲವು ದೇಶಗಳು ಇಂಥ ಮನೆಗಳನ್ನು ಕಟ್ಟಿಕೊಂಡಿವೆ. ಸಹಕಾರ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಮನೆಯನ್ನೇ.

ಸಂಸ್ಥೆಗಳು ಮಾಡುವ ಇನ್ನೊಂದು ಕೆಲಸ ಹೊರಗೆ ಅಷ್ಟು ಕಾಣುವುದಿಲ್ಲ. ಮೇಲೆ ಹೇಳಿದ ಇಂಟರ್ನೆಟ್ ವಾಚ್ ಫೌಂಡೇಶನ್ 1996ರಲ್ಲಿ ಶುರುವಾಯಿತು. ಅದು ಸರ್ಕಾರಿ ಇಲಾಖೆ ಅಲ್ಲ, ಒಂದು ಸೇವಾ ಸಂಸ್ಥೆ. ಜನ ವರದಿ ಮಾಡಿದ ಪುಟಗಳನ್ನು ಅಲ್ಲಿಯವರು ತೆರೆದು ನೋಡಿ, ಅದು ಮಕ್ಕಳ ಶೋಷಣೆಯೇ ಎಂದು ಖಚಿತ ಮಾಡಿ, ಪೊಲೀಸರ ಜೊತೆ ಮಾತಾಡಿಕೊಂಡು ತೆಗೆಸುತ್ತಾರೆ. ಶುರುವಿನಲ್ಲಿ, ಜಗತ್ತಿನಲ್ಲಿ ಗೊತ್ತಿದ್ದ ಇಂಥ ಚಿತ್ರ, ವಿಡಿಯೋಗಳಲ್ಲಿ ಶೇಕಡಾ 18ರಷ್ಟು ಬ್ರಿಟನ್ನಿನ ಸರ್ವರ್‌ಗಳಲ್ಲಿ, ಅಂದರೆ ಜಾಲತಾಣಗಳನ್ನು ಇಟ್ಟಿರುವ ಕಂಪ್ಯೂಟರ್‌ಗಳಲ್ಲಿತ್ತು. 2003ರ ಹೊತ್ತಿಗೆ ಅದು ಶೇಕಡಾ 1ಕ್ಕಿಂತ ಕೆಳಗಿಳಿಯಿತು. ಇಂಥ ಚಿತ್ರ ತೆರೆದು ನೋಡುವುದೇ ಅಪರಾಧವಾಗಿರುವಾಗ ಅವರು ಹೇಗೆ ನೋಡುತ್ತಾರೆ? ಅದಕ್ಕಾಗಿ 2004ರಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥರ ಸಂಘ ಮತ್ತು ಸರ್ಕಾರಿ ವಕೀಲರ ಇಲಾಖೆ ಲಿಖಿತ ಒಪ್ಪಂದ ಮಾಡಿಕೊಂಡು, ಈ ಕೆಲಸ ಮಾಡುವವರಿಗೆ ರಕ್ಷಣೆ ಕೊಟ್ಟವು. ದಿನವಿಡೀ ಅದನ್ನೇ ನೋಡುವವರ ಮನಸ್ಸು ಏನಾಗಬೇಡ, ಯೋಚಿಸಿ. ಅವರಿಗೆ ಕಡ್ಡಾಯವಾಗಿ ಆಪ್ತಸಮಾಲೋಚನೆ ಕೊಡಿಸುತ್ತಾರೆ. ಜನರಿಂದ ಇಂಥ ವರದಿ ತೆಗೆದುಕೊಳ್ಳುವ ಬೇರೆ ಬೇರೆ ದೇಶಗಳ ಹಾಟ್‌ಲೈನ್‌ಗಳನ್ನು 1999ರಿಂದ ಇನ್‌ಹೋಪ್ ಎಂಬ ಜಾಲ ಜೋಡಿಸುತ್ತದೆ. ಯಾಕೆಂದರೆ ಚಿತ್ರ ಹಾಕಿದವನು ಒಂದು ದೇಶದಲ್ಲಿ, ಸರ್ವರ್ ಇನ್ನೊಂದರಲ್ಲಿ, ಮಗು ಮತ್ತೊಂದರಲ್ಲಿ ಇರುವುದು ಸಾಮಾನ್ಯ.

ಪೊಲೀಸರು ಮಾತ್ರವೇ ಸಾಕಾಗುವುದಿಲ್ಲ ಅನ್ನುವುದಕ್ಕೆ ಒಂದು ಅಂಕಿ ಹೇಳುತ್ತೇನೆ. 'ಟೇಕ್ ಇಟ್ ಡೌನ್' ನಡೆಸುವ ಅಮೆರಿಕದ ಆ ಸಂಸ್ಥೆಗೆ ಸೈಬರ್‌ಟಿಪ್‌ಲೈನ್ ಎಂಬ ವರದಿ ಕೇಂದ್ರ ಇದೆ, ಅದಕ್ಕೆ 2023ರ ಒಂದೇ ವರ್ಷದಲ್ಲಿ 3.6 ಕೋಟಿಗೂ ಹೆಚ್ಚು ವರದಿ ಬಂದವು. ಬಹುಪಾಲು ಬೇರೆ ದೇಶಗಳಿಗೆ ಸಂಬಂಧಿಸಿದವು. ಅವುಗಳಲ್ಲಿ ತುರ್ತು ಯಾವುದು, ಯಾವ ದೇಶದ್ದು ಎಂದು ವಿಂಗಡಿಸಿ ಆಯಾ ಪೊಲೀಸರಿಗೆ ಕಳಿಸುತ್ತಾರೆ. ಭಾರತದ್ದು 2019ರ ಒಪ್ಪಂದದ ಪ್ರಕಾರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಮೂಲಕ ಬರುತ್ತದೆ. ಅಲ್ಲಿಂದ ಮುಂದಿನದ್ದು ಪೊಲೀಸರಿಂದ ಮಾತ್ರ ಆಗುವಂಥದ್ದು. ಮನೆ ಹುಡುಕುವುದು, ಫೋನ್ ಜಪ್ತಿ, ಬಂಧನ, ಎಲ್ಲಕ್ಕಿಂತ ಮುಖ್ಯವಾಗಿ ಚಿತ್ರದಲ್ಲಿರುವ ಮಗು ಯಾರು ಎಂದು ಪತ್ತೆ ಮಾಡುವುದು. ಯುರೋಪಿನ ದೇಶಗಳ ಪೊಲೀಸರನ್ನು ಜೋಡಿಸುವ ಯುರೋಪೋಲ್ ಸಂಸ್ಥೆ 2017ರಿಂದ ಇಂಥ ಚಿತ್ರಗಳ ಹಿನ್ನೆಲೆಯಲ್ಲಿ ಕಾಣುವ ವಸ್ತುಗಳನ್ನಷ್ಟೇ ಕತ್ತರಿಸಿ ಜನರ ಮುಂದೆ ಇಡುತ್ತಿದೆ. ಒಂದು ಚೀಲ, ಒಂದು ಪರದೆಯ ಬಟ್ಟೆ, ಒಂದು ಬಾಟಲಿಯ ಚೀಟಿ. ಇದು ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಗುರುತಿಸಿದರೆ ಹುಡುಕಾಟ ಒಂದು ದೇಶಕ್ಕೆ, ಒಂದು ಊರಿಗೆ ಇಳಿಯುತ್ತದೆ.

ಒಂದು ವಿಷಯದಲ್ಲಿ ನನಗೆ ಕಠಿಣವಾದ ಅಭಿಪ್ರಾಯ ಇದೆ. ತಾವೇ ಮಕ್ಕಳ ವೇಷದಲ್ಲಿ ಚಾಟ್ ಮಾಡಿ, ಸಿಕ್ಕಿಬಿದ್ದವನನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ಬೈಯುವ ಗುಂಪುಗಳಿವೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ವಿಡಿಯೋ ಹೊರಬಿದ್ದ ಕೂಡಲೇ ಆ ಮನುಷ್ಯ ತನ್ನ ಫೋನ್ ಅಳಿಸುತ್ತಾನೆ, ಅವನ ಜೊತೆಗಾರರು ಎಚ್ಚರವಾಗುತ್ತಾರೆ. ಅವನ ಹಿಂದೆ ನಿಜವಾದ ಮಗುವೊಂದು ಇದ್ದರೆ ಅದನ್ನು ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ. ಎಚ್ಚರಿಕೆ ಮೂಡಿಸಲಿಕ್ಕೆ ಎಂದು ಇಂಥ ಚಿತ್ರ, ವಿಡಿಯೋ ಹಂಚುವವರೂ ಆ ಮಗುವಿಗೆ ಇನ್ನೊಮ್ಮೆ ಅನ್ಯಾಯ ಮಾಡುತ್ತಾರೆ. ಒಳ್ಳೆಯ ಉದ್ದೇಶ ಇದ್ದರೂ ಅದು ಅಪರಾಧವೇ.

ಈಗ ನಿಮ್ಮ ದೇಣಿಗೆಯ ವಿಷಯ. ಆ ಟ್ರಸ್ಟ್ ಯಾವುದು ಎಂದು ನೀವು ಬರೆದಿಲ್ಲ, ಕೇಳುವುದೂ ಇಲ್ಲ. ಆದರೆ ಕೊಡುವ ಮೊದಲು ಅವರನ್ನು ಕೆಲವು ಮಾತು ಕೇಳಿ. ಮಗು ಹೇಳಿದ್ದರಲ್ಲಿ ಯಾವುದನ್ನು ಪೊಲೀಸರಿಗೆ ತಿಳಿಸುತ್ತೀರಿ, ಯಾವಾಗ ತಿಳಿಸುತ್ತೀರಿ ಎಂಬ ನಿಯಮ ಬರಹದಲ್ಲಿದೆಯಾ? ಸಿಬ್ಬಂದಿಯ ಹಿನ್ನೆಲೆ ಪರಿಶೀಲಿಸುತ್ತೀರಾ? ಮಕ್ಕಳ ಹತ್ತಿರ ಹೋಗಬೇಕೆಂದೇ ಇಂಥ ಕಡೆ ಸೇರುವವರು ಇರುತ್ತಾರೆ, ಆದ್ದರಿಂದ ಈ ಪ್ರಶ್ನೆಗೆ ಮುಜುಗರ ಬೇಡ. ಮಕ್ಕಳ ಮುಖವೋ ಗುರುತು ಸಿಗುವಂಥ ಕತೆಯೋ ಅವರ ಪ್ರಚಾರದಲ್ಲಿ ಕಂಡರೆ ಒಂದು ಪೈಸೆಯನ್ನೂ ಕೊಡಬೇಡಿ. ಕೊನೆಗೆ, ರಾತ್ರಿ ಹನ್ನೊಂದರ ಮೇಲೆ ಫೋನ್ ತೆಗೆಯಲು ಎಷ್ಟು ಜನ ಇರುತ್ತಾರೆ ಎಂದು ಕೇಳಿ. ನಮ್ಮಲ್ಲಿ ಇಂಥ ಕರೆಗಳು ಜಾಸ್ತಿ ಬರುತ್ತಿದ್ದದ್ದು ಮನೆಯವರೆಲ್ಲ ಮಲಗಿದ ಮೇಲೆ. ಎಷ್ಟೋ ರಾತ್ರಿ ನಾವು ಇಬ್ಬರೇ ಇರುತ್ತಿದ್ದೆವು, ಮೂರನೇ ಫೋನ್ ಸುಮ್ನೆ ಬಡಿದುಕೊಳ್ಳುತ್ತಿತ್ತು.