ಗೇಟಿನ ಬಳಿ ಒಂದು ಚೆಂಡು

ಓದುಗರ ಪತ್ರದ ಆಯ್ದ ಭಾಗ: “ನಮ್ಮ ಪ್ರೌಢಶಾಲೆಯಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದ್ದೇನೆ. ಜೂನ್‌ನಲ್ಲಿ 22 ಮಂದಿ ಬರುತ್ತಿದ್ದರು, ಈಗ ಒಂಬತ್ತು. ಗೋಲ್‌ಕೀಪರ್ ಹುಡುಗಿಯೂ ಬಿಟ್ಟಳು. ಹುಡುಗ, ಹುಡುಗಿ ಎಂದು ನಾನು ಭೇದ ಮಾಡುವವನಲ್ಲ. ಆದರೂ ಏನು ಕೇಳಿದರೂ ತಲೆ ತಗ್ಗಿಸಿ ನಿಲ್ಲುತ್ತಾರೆ. ಇವರ ಮನಸ್ಸು ತಿಳಿಯುವುದು ಹೇಗೆ?”
– ದೈಹಿಕ ಶಿಕ್ಷಕರು, ಹಾವೇರಿ ಜಿಲ್ಲೆ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಭೇದ ಮಾಡುವುದಿಲ್ಲ ಎಂಬ ಮಾತು ನಿಮ್ಮ ಒಳ್ಳೆಯತನದಿಂದ ಬಂದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಂಜೆ ಮೈದಾನಕ್ಕೆ ಬರಲು ಹದಿನಾಲ್ಕರ ಹುಡುಗಿ ದಾಟುವ ಹೊಸ್ತಿಲುಗಳು ಅವಳ ಅಣ್ಣನ ದಾರಿಯಲ್ಲಿ ಇರುವುದಿಲ್ಲ.

ನನ್ನದನ್ನೇ ಹೇಳುತ್ತೇನೆ. ಒಂಬತ್ತನೇ ತರಗತಿಯಲ್ಲಿ ಶಾಲೆಯ ಖೋ-ಖೋ ತಂಡದಲ್ಲಿದ್ದೆ. ತಿಂಗಳಿಗೆ ಮೂರು ದಿನ ‘ಜ್ವರ’ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ತಂಡದ ಉಡುಪು ಬಿಳಿ, ಶೌಚಾಲಯಕ್ಕೆ ಚಿಲಕವಿರಲಿಲ್ಲ. ನಾಲ್ಕನೇ ತಿಂಗಳು ನಮ್ಮ ಮೇಷ್ಟ್ರು ‘ಶಿಸ್ತಿಲ್ಲದವಳು’ ಎಂದು ಪಟ್ಟಿಯಲ್ಲಿ ನನ್ನ ಹೆಸರಿಗೆ ಗೆರೆ ಎಳೆದರು. ಯಾಕೆ ಬರುವುದಿಲ್ಲ ಎಂದು ಅವರು ಕೇಳಲಿಲ್ಲ; ಕೇಳಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಒಂದು ಚಿಲಕ ಹಾಕಿಸಿ ಗಾಢ ಬಣ್ಣದ ನಿಕ್ಕರ್ ಕೊಡಿಸಿದ್ದರೆ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. 2022ರಲ್ಲಿ ಯೂರೋಪ್ ಚಾಂಪಿಯನ್ ಆದ ಇಂಗ್ಲೆಂಡ್ ಮಹಿಳಾ ತಂಡವೂ ಬಿಳಿ ಶಾರ್ಟ್ಸ್ ಬಗ್ಗೆ ದನಿ ಎತ್ತಬೇಕಾಯಿತು. 2023ರ ವಿಶ್ವಕಪ್‌ಗೆ ಅದು ನೀಲಿಯಾಯಿತು. ಅಂಥವರಿಗೇ ಇದ್ದ ಮುಜುಗರ ನಿಮ್ಮ ಮಕ್ಕಳಿಗೆ ಇರದೇ? ಶಾಲೆಯ ಶಿಕ್ಷಕಿಯೊಬ್ಬರ ಬಳಿ ಪ್ಯಾಡ್ ಇಡಿಸಿ. ‘ಇವತ್ತು ಆಗುವುದಿಲ್ಲ’ ಎಂದು ಅವರಿಗೆ ಹೇಳಿದರೆ ಸಾಕು, ಕಾರಣ ಬೇಡ ಎಂದು ತಿಳಿಸಿಬಿಡಿ.

ಇನ್ನು ಮಾತು. ಬೆಂಗಳೂರಿನಲ್ಲಿ ಒಂದು ಸಂಜೆ ಹುಡುಗಿಯರ ಅಭ್ಯಾಸ ನೋಡಲು ಹೋಗಿದ್ದೆ. ತರಬೇತುದಾರರು ಹದಿನೈದು ನಿಮಿಷ ಮೊದಲೇ ಬಂದು ಗೇಟಿನ ಬಳಿ ಒಂದು ಚೆಂಡಿಟ್ಟುಕೊಂಡು ನಿಂತಿದ್ದರು. ಒಳಗೆ ಬಂದ ಪ್ರತಿ ಹುಡುಗಿಗೂ ಒಂದು ಪಾಸ್, ಅವಳು ಹಿಂದಿರುಗಿಸಬೇಕು. ಬ್ಯಾಗು ಹೆಗಲ ಮೇಲೆಯೇ, ಕಾಲಿನಲ್ಲಿ ಇನ್ನೂ ಶಾಲೆಯ ಬೂಟು. ಚೆಂಡು ಹೋಗಿ ಬರುವಷ್ಟರಲ್ಲಿ “ಅಜ್ಜಿ ಊರಿಗೆ ಹೋದರಾ?”, “ಗಣಿತದ ಪರೀಕ್ಷೆ ಮುಗಿಯಿತಾ?” ಎಂದು ಒಂದೊಂದು ಮಾತು. ಒಬ್ಬಳು ಏಳೆಂಟು ಪಾಸ್ ಆಗುವವರೆಗೂ ಏನೂ ಹೇಳಲಿಲ್ಲ. ಆಮೇಲೆ ಚೆಂಡಿನ ಮೇಲಿಟ್ಟ ಕಣ್ಣನ್ನು ಎತ್ತದೆಯೇ, “ಸರ್, ಅಪ್ಪ ಮುಂದಿನ ತಿಂಗಳಿನಿಂದ ಬೇಡ ಅಂದಿದ್ದಾರೆ” ಎಂದಳು. ಅವರು ಚೆಂಡು ನಿಲ್ಲಿಸಲಿಲ್ಲ. “ಭಾನುವಾರ ಅಪ್ಪ ಮನೆಯಲ್ಲಿರುತ್ತಾರಾ?” ಎಂದಷ್ಟೇ ಕೇಳಿ ಪಾಸ್ ಕೊಟ್ಟರು. ಸ್ಟಾಫ್ ರೂಮಿಗೆ ಕರೆಸಿ ಎದುರು ನಿಲ್ಲಿಸಿದರೆ ಈ ಮಾತು ಅವಳ ಬಾಯಿಂದ ಬರುತ್ತಿತ್ತೇ? ಕಾಲಿಗೆ ಕೆಲಸವಿದ್ದಾಗ ನಾಲಿಗೆ ಸಡಿಲವಾಗುತ್ತದೆ. ನಾಳೆಯೇ ಮಾಡಿ ನೋಡಿ.

ಹುಡುಗಿಯರು ಸೂಕ್ಷ್ಮ, ತಪ್ಪು ಎತ್ತಿ ಹೇಳಬಾರದು ಎಂದು ಯಾರಾದರೂ ಬುದ್ಧಿ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ತಪ್ಪು ತಿದ್ದದ ಗುರು ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. “ಚೆನ್ನಾಗಿ ಆಡಿದೆ” ಎಂಬ ಮಾತು ಮನೆ ಮುಟ್ಟುವುದರೊಳಗೆ ಮರೆತುಹೋಗುತ್ತದೆ. “ಪಾಸ್ ಬರುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿದೆಯಲ್ಲ, ಅದು ಸರಿ” ಎಂದರೆ ಅವಳು ಅದನ್ನು ಮರುದಿನವೂ ಮಾಡುತ್ತಾಳೆ. ತಿದ್ದುವುದನ್ನು ಮಾತ್ರ ಹತ್ತಿರ ಕರೆದು ಹೇಳಿ.

ಅಭ್ಯಾಸಕ್ಕೆ ಮೊದಲು ಮೈದಾನದ ಸುತ್ತ ಐದು ಸುತ್ತು ಓಡಿಸುತ್ತೇನೆ ಎಂದು ಬರೆದಿದ್ದೀರಿ. ಓಟವಷ್ಟೇ ಸಾಲದು. ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹದಿಹರೆಯದ ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ರೂಪಿಸಿದ ‘11+’ ಎಂಬ 20 ನಿಮಿಷದ ವ್ಯಾಯಾಮ ಕ್ರಮ ಇಂಥ ಗಾಯಗಳನ್ನು ತಗ್ಗಿಸಲೆಂದೇ ಇದೆ, ಖರ್ಚಿಲ್ಲ. ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ವಾಲದಂತೆ ನೋಡಿಕೊಳ್ಳುವುದು ಅದರಲ್ಲಿ ಮುಖ್ಯ.

ಜಾರ್ಖಂಡ್‌ನ ರಾಂಚಿ ಬಳಿಯ ಹಳ್ಳಿಗಳಲ್ಲಿ 2009ರಿಂದ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿರುವ ‘ಯುವಾ’ ಸಂಸ್ಥೆಯಲ್ಲಿ ಆಡಿ ಬೆಳೆದವರೇ ಚಿಕ್ಕವರಿಗೆ ತರಬೇತುದಾರರಾಗುತ್ತಾರೆ. ಅದೇ ಊರಿನ ಅಕ್ಕ ಸೀಟಿ ಹಿಡಿದು ನಿಂತರೆ ತಾಯಂದಿರ ಅರ್ಧ ಅಂಜಿಕೆ ಹೋಗುತ್ತದೆ. ನಿಮ್ಮಲ್ಲೂ ಹತ್ತನೇ ತರಗತಿ ಮುಗಿಸಿದವರು ಇರಬೇಕಲ್ಲ, ಒಬ್ಬಳನ್ನು ಕರೆಯಿರಿ. ಒಂದು ಮಾತನ್ನು ಖಂಡಿತವಾಗಿ ಹೇಳುತ್ತೇನೆ: ಯಾವ ಹುಡುಗಿಗೂ ಖಾಸಗಿಯಾಗಿ ಮೊಬೈಲ್ ಸಂದೇಶ ಕಳಿಸಬೇಡಿ, ಒಬ್ಬಳನ್ನೇ ಬೈಕಿನಲ್ಲಿ ಮನೆಗೆ ಬಿಡಬೇಡಿ. ನಿಮ್ಮ ಮೇಲೆ ಸಂಶಯದಿಂದ ಹೇಳುತ್ತಿಲ್ಲ. ಮಕ್ಕಳಿಗೂ ಮನೆಯವರಿಗೂ ನಿಮಗೂ ಅದೇ ಕ್ಷೇಮ.

ಆ ಗೋಲ್‌ಕೀಪರ್ ಹುಡುಗಿಯ ಮನೆಗೆ ಮೊದಲು ಹೋಗಿ, ಶಿಕ್ಷಕಿಯೊಬ್ಬರು ಜೊತೆಗಿರಲಿ. ಒಂದೇ ಪಂದ್ಯದಲ್ಲಿ ಆರು ಗೋಲು ಬಿಟ್ಟ ಮರುದಿನದಿಂದ ಬಂದಿಲ್ಲ, ಅವಳ ಗ್ಲೌಸ್ ಅನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮೇಷ್ಟ್ರೇ, ಅದನ್ನು ನನಗೆ ಹೇಳಿದಿರಿ. ಅವಳಿಗೆ ಹೇಳಿದ್ದೀರಾ?

– ಸಂಪಾದಕಿ