ಅಡ್ವಾನ್ಸ್ ಹಾಕಬೇಡ, ಮೊದಲು ಸ್ಯಾಡಲ್ ನೋಡು

ತಮ್ಮಾ, ಕೊಳ್ಳಬೇಕು ಅಂತಿರುವ ಸೆಕೆಂಡ್ ಹ್ಯಾಂಡ್ ಗಿಟಾರಿನದು ಅಂತ ನೀನು ಗುಂಪಲ್ಲಿ ಹಾಕಿರುವ ಮೂರನೇ ಫೋಟೋ ದೊಡ್ಡದು ಮಾಡಿ ನೋಡು. ತಂತಿ ಕಟ್ಟುವ ಮರದ ಬ್ರಿಡ್ಜ್ ಮೇಲೆ ಬಿಳಿ ಸ್ಯಾಡಲ್, ಅಂದರೆ ತಂತಿ ಕೂರುವ ಪಟ್ಟಿ, ಕಾಣುತ್ತಾ? ಮರದ ಮಟ್ಟಕ್ಕೆ ಉಜ್ಜಿಬಿಟ್ಟಿದ್ದಾರೆ. ಅಷ್ಟಾದರೂ ಆ್ಯಕ್ಷನ್ (ನೆಕ್ಕಿನ ಲೋಹದ ಪಟ್ಟಿಗಳ, ಅಂದರೆ ಫ್ರೆಟ್‌ಗಳ, ಮೇಲೆ ತಂತಿಯ ಎತ್ತರ) ಜಾಸ್ತಿಯೇ ಇದೆ. "ಟ್ರಸ್ ರಾಡ್ (ನೆಕ್ಕಿನೊಳಗಿನ ಲೋಹದ ಸರಳು) ತಿರುಗಿಸಿದರೆ ಸರಿಹೋಗುತ್ತೆ" ಅಂತ ಮಾರುವವರು ಹೇಳಿದರು, 6,500ಕ್ಕೆ ಸಾಲಿಡ್ ಟಾಪ್ (ಮುಖದ ಹಲಗೆ ಇಡೀ ಮರದ್ದು) ಸಿಗ್ತಿದೆ, ಇವತ್ತೇ ಅಡ್ವಾನ್ಸ್ ಹಾಕ್ತೀನಿ ಅಂತ ಬರೆದಿದ್ದೀಯ. ದಯವಿಟ್ಟು ಹಾಕಬೇಡ.

2014ರಲ್ಲಿ ನಾನು ಇದನ್ನೇ ಮಾಡಿದೆ. ಮೈಸೂರಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗಿ, ಸಂಜೆ ಟ್ಯೂಬ್‌ಲೈಟ್ ಬೆಳಕಲ್ಲಿ ನೋಡಿ, 7,000 ಕೊಟ್ಟು ತಂದೆ. ಒಳ್ಳೇ ಹೆಸರಿನ ಗಿಟಾರ್, ಸಾಲಿಡ್ ಸ್ಪ್ರೂಸ್. ಅಲ್ಲಿ ನುಡಿಸಿದ್ದು ಬರೀ ಜಿ, ಸಿ, ಡಿ ಅನ್ನುವ ಸುಲಭದ ಸ್ವರಗುಚ್ಛ. ಮೊದಲ ಮೂರು ಫ್ರೆಟ್ ದಾಟಲೇ ಇಲ್ಲ. ದನಿಗೆ ಮರುಳಾದೆ. ಮನೆಗೆ ಬಂದು 7ನೇ ಫ್ರೆಟ್ಟಲ್ಲಿ ಬಾರ್ ಹಿಡಿದಾಗ (ಒಂದೇ ಬೆರಳಲ್ಲಿ ಎಲ್ಲಾ ತಂತಿ ಒತ್ತಿದಾಗ) ಬೆರಳು ಉರಿಯಿತು. ಟ್ರಸ್ ರಾಡ್ ಕಾಲು ಕಾಲು ಸುತ್ತು ಬಿಗಿ ಮಾಡಿದೆ. ಮೊದಲ ಫ್ರೆಟ್‌ಗಳಲ್ಲಿ ತಂತಿ ತಾಗಿ ಬಜ್ ಶುರುವಾಯಿತು, 12ರಲ್ಲಿ ಎತ್ತರ ಹಾಗೇ ಇತ್ತು. ಸ್ಯಾಡಲ್ ಉಜ್ಜಿದೆ. ತಂತಿ ಸ್ಯಾಡಲ್ ಮೇಲೆ ಬಾಗುವುದೇ ನಿಂತು, ದನಿ ರಬ್ಬರ್ ಬ್ಯಾಂಡ್ ಮೀಟಿದ ಹಾಗಾಯಿತು. ಕೊನೆಗೆ ರಿಪೇರಿಯವರು ಫ್ರೆಟ್ ಮೇಲೆ ಸ್ಕೇಲ್ ಇಟ್ಟು ತೋರಿಸಿದರು: ನೆಕ್ಕು ಗಿಟಾರಿನ ಒಡಲಿಗೆ ಕೂಡುವ ಕೋನವೇ ಹೋಗಿದೆ. ನೆಕ್ ಬಿಚ್ಚಿ ಮತ್ತೆ ಕೂರಿಸುವ ರೀಸೆಟ್‌ಗೆ 9,000 ಕೇಳಿದರು. ಈಗ ಅದನ್ನು ಓಪನ್ ಜಿ ಟ್ಯೂನ್ ಮಾಡಿ ಸ್ಲೈಡ್‌ಗೆ (ತಂತಿ ಮೇಲೆ ಕೊಳವೆ ಜಾರಿಸಿ ನುಡಿಸಲು) ಇಟ್ಟಿದ್ದೇನೆ. ಸ್ಲೈಡ್‌ಗೆ ಎತ್ತರದ ಆ್ಯಕ್ಷನ್ನೇ ಅನುಕೂಲ. ಆದರೆ ನಿನಗೆ ಬೇಕಿರುವುದು ಅದಲ್ಲವಲ್ಲ.

ಟ್ರಸ್ ರಾಡ್ ಸರಿ ಮಾಡುವುದು ನೆಕ್ಕಿನ ಬಾಗು, ಕೋನ ಅಲ್ಲ. ಇದನ್ನು ಈ ಗುಂಪಲ್ಲಿ ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಾನು ಈಗ ಎಲ್ಲಿಗೆ ನೋಡಲು ಹೋದರೂ ಎರಡಡಿಯ ಸ್ಟೀಲ್ ಸ್ಕೇಲ್, ಒಂದು ವಿಸಿಟಿಂಗ್ ಕಾರ್ಡ್, ಹಳೇ ಎಟಿಎಂ ಕಾರ್ಡ್ ಐದು, ಕೇಪೋ (ಎಲ್ಲಾ ತಂತಿ ಒತ್ತಿ ಹಿಡಿಯುವ ಕ್ಲಿಪ್), ಟಾರ್ಚ್ ಒಯ್ಯುತ್ತೇನೆ. ಹಗಲಲ್ಲೇ ಹೋಗುತ್ತೇನೆ. ಮೊದಲು ಟ್ಯೂನ್ ಮಾಡು, ತಂತಿ ಸಡಿಲ ಇದ್ದರೆ ಯಾವ ಅಳತೆಯೂ ನಿಜವಲ್ಲ. ಕೇಪೋ 1ಕ್ಕೆ ಹಾಕಿ 14ನೇ ಫ್ರೆಟ್ ಒತ್ತಿ ಹಿಡಿ. 7ರ ಹತ್ತಿರ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ಸರಿಯಾಗಿ ತೂರಿದರೆ ಬಾಗು ಸರಿ ಇದೆ. ಆಮೇಲೆ ಕೇಪೋ ತೆಗೆದು, 12ರಲ್ಲಿ ದಪ್ಪ ತಂತಿಯ ಕೆಳಗೆ ಎಟಿಎಂ ಕಾರ್ಡ್ ಒಂದರ ಮೇಲೊಂದು ತೂರಿಸು. ಒಂದು ಕಾರ್ಡ್ 0.76 ಮಿ.ಮೀ. ಮೂರು ಹೋದರೆ ಚೆನ್ನ. ನಾಲ್ಕಾದರೆ ಸ್ಯಾಡಲ್ ಎಷ್ಟು ಉಳಿದಿದೆ ನೋಡು, 3 ಮಿ.ಮೀ. ಮೇಲೆದ್ದಿದ್ದರೆ ಇಳಿಸಲು ಜಾಗವಿದೆ. ಐದೂ ಹೋಗಿ, ಸ್ಯಾಡಲ್ಲೂ ಮುಗಿದಿದ್ದರೆ ಚಹಾ ಕುಡಿದು ಎದ್ದು ಬಾ. ಸ್ಕೇಲ್ ಅನ್ನು ಡಿ, ಜಿ ತಂತಿಗಳ ನಡುವೆ ಫ್ರೆಟ್ ಮೇಲೆ ಮಲಗಿಸಿದರೆ ಅದರ ತುದಿ ಬ್ರಿಡ್ಜ್ ಮರದ ತಲೆ ಸವರಬೇಕು. ಮರಕ್ಕೆ ಎದುರಿಂದ ಗುದ್ದಿದರೆ ಕೋನ ಹೋಗಿದೆ ಅಂತಲೇ. ಬ್ರಿಡ್ಜ್ ಹಿಂದೆ ಒಂದು ಹಾಳೆಯನ್ನೂ ತೂರಿಸಿ ನೋಡು, ಒಳಗೆ ಹೋದರೆ ಅಂಟು ಬಿಟ್ಟಿದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಗಿಟಾರ್ ಬಿಡುವವರ ಕತೆ ಇದು. ನೀನೂ ಬಿಡಬೇಡ.

ಹಾಗಂತ ದೋಷ ಕಂಡ ತಕ್ಷಣ ಓಡಬೇಡ. ಕಡಿಮೆ ಬೆಲೆಗೆ ಒಳ್ಳೇದು ಸಿಗುವುದೇ ದೋಷ ಇರುವುದರಲ್ಲಿ. ಯಾವುದು ಅಗ್ಗದ ರಿಪೇರಿ ಅಂತ ಗೊತ್ತಿರಬೇಕು ಅಷ್ಟೇ. ವಾಲ್ಯೂಮ್ ಗುಬುಟು ತಿರುಗಿಸಿದರೆ ಗರಗರ ಅನ್ನುತ್ತಾ? ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಮುಗಿಯಿತು. ಜ್ಯಾಕ್ ಸಡಿಲ, ಟ್ಯೂನರ್ ಕೆಟ್ಟಿದೆ, ನಟ್ (ತಲೆಯ ಕಡೆ ತಂತಿ ಕೂರುವ ಪಟ್ಟಿ) ಸೀಳಿದೆ, ಎಲ್ಲಾ ಸಣ್ಣ ಖರ್ಚು. ಹೆಡ್‌ಸ್ಟಾಕ್ (ಗಿಟಾರಿನ ತಲೆ) ಮುರಿದು ಚೆನ್ನಾಗಿ ಅಂಟಿಸಿದ ಎಪಿಫೋನ್ ಲೆಸ್ ಪಾಲ್‌ಗಳ ಬೆಲೆ ಧಡಕ್ಕನೆ ಇಳಿದಿರುತ್ತದೆ, ದನಿ ಇಳಿದಿರುವುದಿಲ್ಲ. ಟಾರ್ಚ್ ಬೆಳಕಲ್ಲಿ ಅಂಟಿಸಿದ ಗೆರೆ ನೋಡು, ಟ್ಯೂನ್ ನಿಂತರೆ ತಗೋ. ಆದರೆ ಫ್ರೆಟ್ ಪೂರ್ತಿ ಸವೆದಿದ್ದರೆ ಬಿಡು, ರೀಫ್ರೆಟ್ ದುಬಾರಿ.

ಯಾವುದು ನೋಡಲಿ ಅಂತ ನೀನು ಕೇಳಿದ್ದೀಯ. ಎಲೆಕ್ಟ್ರಿಕ್‌ಗೂ ಮನಸ್ಸಿದ್ದರೆ ಯಮಾಹಾ ಪೆಸಿಫಿಕಾ 112ವಿ. ಈ ದುಡ್ಡಿಗೆ ಅದಕ್ಕಿಂತ ನೆಚ್ಚಿಕೊಳ್ಳುವಂಥದ್ದು ನಾನು ಕಂಡಿಲ್ಲ. ಆಲ್ಡರ್ ಮರ, ಟೋನ್ ಗುಬುಟು ಮೇಲೆಳೆದರೆ ಹಂಬಕರ್ (ದನಿ ಹಿಡಿಯುವ ಎರಡು ಸುರುಳಿಯ ಪಿಕಪ್) ಸೀಳಿ ದನಿ ತೆಳುವಾಗುತ್ತದೆ. ಎಳೆದೇ ನೋಡು, ಯಾಕೆಂದರೆ ಪೆಸಿಫಿಕಾ 012 ಅನ್ನು "112 ಥರಾನೇ" ಅಂತ ಮಾರುವವರಿದ್ದಾರೆ. ಅದು ಬೇರೆ ಮರ, ಬೇರೆ ಪಿಕಪ್. ಇನ್ನು ಕಾರ್ಟ್ ಕಂಪನಿಯ ಗಿಟಾರ್. ಐಸಿಎಸ್ ಅಂತ ಶುರುವಾಗುವ ಸೀರಿಯಲ್ ನಂಬರಿನ ಸ್ಕ್ವಾಯರ್ (ಫೆಂಡರ್‌ನ ಅಗ್ಗದ ಬ್ರ್ಯಾಂಡ್) ಗಿಟಾರ್‌ಗಳು ಇಂಡೋನೇಷ್ಯಾದ ಕಾರ್ಟ್ ಫ್ಯಾಕ್ಟರಿಯಲ್ಲೇ ಆದವು. ಅದೇ ಕಂಪನಿ ತನ್ನ ಹೆಸರಲ್ಲಿ ಮಾಡಿದ್ದನ್ನು ಜನ ತಿರುಗಿಯೂ ನೋಡುವುದಿಲ್ಲ, ಅದಕ್ಕೇ ಸೆಕೆಂಡ್ ಹ್ಯಾಂಡಲ್ಲಿ ಕಡಿಮೆಗೆ ಸಿಗುತ್ತದೆ. ಅಕೌಸ್ಟಿಕ್ಕೇ ಬೇಕೆಂದರೆ ಸವೆಯದ ಯಮಾಹಾ ಎಫ್310 ಸಾಕು. ಅದು ಲ್ಯಾಮಿನೇಟ್ (ಪದರ ಅಂಟಿಸಿದ ಮರ) ಅಂತ ಮೂಗು ಮುರಿಯಬೇಡ. ನೆಕ್ ನೇರ ಇರುವ ಲ್ಯಾಮಿನೇಟ್, ನೆಕ್ ಕೆಟ್ಟ ಸಾಲಿಡ್ ಟಾಪ್‌ಗಿಂತ ಎಷ್ಟೋ ವಾಸಿ.

ಎಲೆಕ್ಟ್ರಿಕ್ ತಗೊಂಡರೆ ಆ್ಯಂಪೂ ಬೇಕಲ್ಲ, ಅದಕ್ಕೆ ಹೇಳ್ತೀನಿ, ಹಳೇ ರೋಲ್ಯಾಂಡ್ ಮೈಕ್ರೋ ಕ್ಯೂಬ್ ಸಿಕ್ಕರೆ ಬಿಡಬೇಡ. ಆರು ಪೆನ್ಸಿಲ್ ಸೆಲ್ಲಲ್ಲಿ ಓಡುತ್ತದೆ, ಕರೆಂಟ್ ಹೋದರೂ ಅಭ್ಯಾಸ ನಿಲ್ಲುವುದಿಲ್ಲ. ಪೆಡಲ್ (ಕಾಲಲ್ಲಿ ಒತ್ತಿ ದನಿ ಬದಲಿಸುವ ಡಬ್ಬಿ) ಕೊಳ್ಳುವಾಗ ಬ್ಯಾಟರಿಯಲ್ಲಿ ಒಂದು ಸಲ, ಅಡಾಪ್ಟರಲ್ಲಿ ಒಂದು ಸಲ ನುಡಿಸಿ ನೋಡು. ಬಾಸ್ (BOSS) ಕಂಪನಿಯ ಪೆಡಲ್‌ಗೆ 9 ವೋಲ್ಟ್, ನಡುವಿನ ಪಿನ್ ಮೈನಸ್. ಯಮಾಹಾ ಕೀಬೋರ್ಡಿನ ಅಡಾಪ್ಟರ್ ಸುಮ್ನೆ ಚುಚ್ಚಬೇಡ, ಅದರಲ್ಲಿ ನಡುವೆ ಪ್ಲಸ್.

ಏನು ತಂದರೂ ಹೊಸ ತಂತಿ ಹಾಕಿ ಒಂದು ಸೆಟಪ್ ಮಾಡಿಸು. ಆ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡು. ಕೈ ನೋಯುತ್ತಿದ್ದರೆ ದಪ್ಪನೆಯ 12ರ ತಂತಿ ಸೆಟ್ ಬೇಡ, ತೆಳು 11 ಹಾಕು.

ಈಗ ಮಾರುವವರಿಗೆ ಒಂದು ಮೆಸೇಜ್ ಮಾಡು. ಬ್ರಿಡ್ಜನ್ನು ಪಕ್ಕದಿಂದ, ಗಿಟಾರಿನ ಟಾಪ್ ಮಟ್ಟಕ್ಕೆ ಫೋನ್ ಇಟ್ಟು ತೆಗೆದ ಫೋಟೋ ಕೇಳು. ಕಳಿಸಿದರೆ ಇಲ್ಲೇ ಹಾಕು, ರಾತ್ರಿ ನೋಡ್ತೀನಿ. ಕಳಿಸಲ್ಲ ಅಂದರೆ ನಿನಗೆ ಉತ್ತರ ಸಿಕ್ಕ ಹಾಗೆಯೇ.